ಝಳಕಿಯ ಮೂಕವ್ವ

ಮುದ್ದೇಬಿಹಾಳ
೫ ಜುಲೈ ೧೯೭೬

ಅಣ್ಣ ಶ್ರೀಶೈಲಪ್ಪನವರಿಗೆ ತಂಗಿ ಸಿದ್ದಲಿಂಗವ್ವನ ಶರಣು.

ಬಸ್ಸು ಮನಗೂಳಿಯ ಹತ್ತಿರ ಕೆಟ್ಟು ನಿಂತಿತು. ಬಾಗೇವಾಡಿಗೆ ಬಂದು ಬೇರೆ ಬಸ್ಸು ಹಿಡಿದು ಊರು ಮುಟ್ಟುವಷ್ಟರಲ್ಲಿ ಸಂಜೆಯಾಯಿತು. ಟ್ರೇನಿಂಗ್ ಕಾಲೇಜಿನ ಹಿಂದಿನ ಓಣಿಯಲ್ಲಿ ಇಮಾಮಬಿ ಎಂಬುವಳ ಮನೆಯಲ್ಲಿ ಒಂದು ಖೋಲಿ ಸಿಕ್ಕಿದೆ. ಆಕೆಗೆ ಗಂಡನಿಲ್ಲ, ಬಾಯಿ ಬಹಳ, ಮನಸ್ಸು ಒಳ್ಳೆಯದು. ನನ್ನ ಬಗ್ಗೆ ಹೆಚ್ಚು ಕೇಳಲಿಲ್ಲ, ನಾನೂ ಹೆಚ್ಚು ಹೇಳಲಿಲ್ಲ.

ಹೊರಡುವಾಗ ಅಳುತ್ತ ಅರ್ಧ ಮಾತು ನುಂಗಿಬಿಟ್ಟೆ, ಅದಕ್ಕೆ ಈಗ ಬರೆಯುತ್ತಿದ್ದೇನೆ. ನನ್ನ ಮಗಳು ರೇವಿಗೆ ಒಂಬತ್ತು ವರ್ಷ ತುಂಬಿತು. ಮಾತು ಬರುವುದಿಲ್ಲ, ಕೈಗಳು ಅವಳ ಮಾತು ಕೇಳದೆ ತಾವೇ ಹಾರುತ್ತವೆ, ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬೀಳುತ್ತವೆ. ಗಂಡನ ಮನೆಯವರು ಇಷ್ಟನ್ನೇ ನೋಡಿ ನಮ್ಮಿಬ್ಬರನ್ನೂ ನಿಮ್ಮ ಬಾಗಿಲಿಗೆ ತಂದು ಬಿಟ್ಟರು. ಆದರೆ ಅವಳಿಗೆ ಎಲ್ಲ ತಿಳಿಯುತ್ತದೆ. ಅವಳ ಎದುರು ಅವಳ ವಿಷಯ ಆಡಬೇಡಿ ಎಂದು ವೈನಿಗೆ ಹೇಳಿ.

ಸೊಲ್ಲಾಪುರದ ಡಾಕ್ಟರು ಹೇಳಿದ್ದು ನಿಮಗೂ ಗೊತ್ತಿದೆ. ದಿನಾಲು ಬೆಳಿಗ್ಗೆ, ಸಂಜೆ ಆಧಾರ ಹಿಡಿಸಿ ನಿಲ್ಲಿಸಿದರೆ ಮುಂದೆ ಕೋಲು ಹಿಡಿದಾದರೂ ನಡೆಯುತ್ತಾಳೆ. ಬಿಟ್ಟರೆ ಮೊಣಕಾಲು ಮಡಿಚಿದಲ್ಲೇ ಬಿಗಿದುಹೋಗುತ್ತದೆ. ಬಡಿಗೇರ ಖಂಡೆಪ್ಪ ಕಾಕಾ ಬೇವಿನ ಕಟ್ಟಿಗೆಯಲ್ಲಿ ಮಾಡಿಕೊಟ್ಟ ಜೋಡಿ ಕಟಕಟೆ ಹಿತ್ತಲಲ್ಲಿದೆ. ಅದರ ನಡುವೆ ನಿಲ್ಲಿಸಿ. ಅಳುತ್ತಾಳೆ, ಅಳಲಿ. ರೊಟ್ಟಿ ಕೈಗೆ ಕೊಡಿ. ಅರ್ಧ ಚೆಲ್ಲುತ್ತಾಳೆ, ಚೆಲ್ಲಲಿ. ಮಾಸ್ತರಿಕೆ ಕೈಗೆ ಬಂದರೆ ಅವಳ ಅನ್ನ ಅವಳಿಗೆ ನಾನೇ ದುಡಿದು ಹಾಕುತ್ತೇನೆ. ಅಲ್ಲಿಯವರೆಗೆ ಅವಳ ಕಾಲು ನಿಮ್ಮ ಕೈಯಲ್ಲಿ.

ಸಿದ್ದಲಿಂಗವ್ವ


ಝಳಕಿ
೨೪ ಜುಲೈ ೧೯೭೬

ತಂಗಿ ಸಿದ್ದವ್ವನಿಗೆ ಅಣ್ಣನ ಆಶೀರ್ವಾದ.

ನೀನು ಚಿಂತಿ ಮಾಡುತ್ತ ಕುಳಿತರೆ ಪುಸ್ತಕ ಯಾರು ಓದುವವರು? ಹುಡುಗಿ ಆರಾಮ ಇದ್ದಾಳೆ. ಮೊನ್ನೆ ಒಂದು ತಮಾಷೆ ಆಯಿತು, ಕೇಳು.

ಕುರುಬರ ಮಾಳಿಂಗಪ್ಪನ ಟಗರು ಕಳೆದಿತ್ತು. ನಮ್ಮ ಅಂಗಡಿಗೆ ಬಂದು ಚಹಾ ಕುಡಿಯುತ್ತ ಊರಿನವರನ್ನೆಲ್ಲ ಕಳ್ಳರು ಮಾಡುತ್ತಿದ್ದ. ಬೈಯಲು ಹೆಸರು ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತ ರೇವಿಯ ಕಡೆ ತಿರುಗಿದ. “ಈ ಊರಾಗ ಖರೇ ಹೇಳಾವ್ರು ಒಬ್ರೂ ಇಲ್ಲ. ನೀನರ ಹೇಳ ಯವ್ವಾ, ನನ್ನ ಟಗರು ಎತ್ಲಾಗ ಹೋಗೇತಿ?” ಅಂದ. ಅವಳ ಕೈ ಹಾರಿತು ನೋಡು, ನೆಟ್ಟಗೆ ಹಳ್ಳದ ಕಡೆ. ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. ಎದ್ದು ಹೋದ. ಹಳ್ಳದ ದಂಡೆಯಲ್ಲಿ ಜಾಲಿ ಕಂಟಿಗೆ ಕೋಡು ಸಿಕ್ಕಿಸಿಕೊಂಡು ಟಗರು ನಿಂತಿತ್ತಂತೆ. ಮರುದಿನ ಒಂದು ತೆಂಗಿನಕಾಯಿ ತಂದು ಹುಡುಗಿಯ ಮುಂದೆ ಇಟ್ಟು ಕೈ ಮುಗಿದು ಹೋದ. ನನ್ನ ಮನೆಯಾಕೆ, ನಿನ್ನ ವೈನಿ ಶಂಕ್ರೆವ್ವ, ಹುಡುಗಿಗೆ ಕುಂಕುಮ ಹಚ್ಚಿ ದೃಷ್ಟಿ ತೆಗೆದಳು.

ನೀನು ಓದು.

ಶ್ರೀಶೈಲಪ್ಪ


ಮುದ್ದೇಬಿಹಾಳ
೨ ಆಗಸ್ಟ್ ೧೯೭೬

ಅಣ್ಣನವರಿಗೆ ಶರಣು.

ನಿಮ್ಮ ಪತ್ರ ಓದಿ ಒಬ್ಬಳೇ ನಕ್ಕು ನಕ್ಕು ಸಾಕಾಯಿತು. ರೇವಿಗೆ ಇಂಡಿ ಠಾಣೆಯ ಫೌಜದಾರಕಿ ಸಿಕ್ಕಂತಾಯಿತು. ನೀರಡಿಸಿದ ಟಗರು ಹಳ್ಳಕ್ಕೆ ಹೋಗದೆ ತಾಲೂಕು ಕಚೇರಿಗೆ ಹೋಗುತ್ತದೆಯೇ? ಮಾಳಿಂಗಪ್ಪನಿಗೆ ಹೇಳಿ, ಮುಂದಿನ ಸಲ ಟಗರು ಕಳೆದರೆ ಮೊದಲು ಕಂಟಿ ಹುಡುಕಲಿ, ಆಮೇಲೆ ಕಳ್ಳರನ್ನು.

ನಿಲ್ಲಿಸುವ ವಿಷಯ ನೀವು ಬರೆಯಲಿಲ್ಲ. ಕಟಕಟೆ ಗಟ್ಟಿಯಾಗಿದೆಯೇ? ಒಂದೇ ಸಾಲು ಬರೆದರೂ ಸಾಕು.

ಸಿದ್ದಲಿಂಗವ್ವ


ಝಳಕಿ
೨೯ ಸೆಪ್ಟೆಂಬರ್ ೧೯೭೬

ತಂಗಿಗೆ ಆಶೀರ್ವಾದ.

ಬರೆಯಲು ತಡವಾಯಿತು. ಅಂಗಡಿಯಲ್ಲಿ ಉಸಿರು ಬಿಡಲು ಪುರಸೊತ್ತಿಲ್ಲ. ಇಂಡಿ, ಸಿಂದಗಿ ಕಡೆಯ ಜನ ಸಹ ಈಗ ನಮ್ಮಲ್ಲಿ ಇಳಿಯುತ್ತಾರೆ.

ರೇವಿಯ ಚಿಂತೆ ಬಿಡು. ಊರು ಮೊದಲಿನ ಹಾಗಿಲ್ಲ. ದಿನಾಲು ಯಾರಾದರೂ ಅವಳಿಗೆಂದು ಹಾಲು ತರುತ್ತಾರೆ, ಹಣ್ಣು ತರುತ್ತಾರೆ. ಹೆಂಗಸರು ಸರದಿಯ ಮೇಲೆ ಎತ್ತಿಕೊಳ್ಳುತ್ತಾರೆ, ಹೂವಿನ ಹಾಗೆ. ಮೈ ಮೇಲೆ ಯಾವಾಗಲೂ ಹೊಸ ಅರಿವೆ. ನೀನು ಕೇಳಿದ ಕಟಕಟೆ ಗಟ್ಟಿಮುಟ್ಟಾಗಿದೆ, ದಿನಾಲು ಉಪಯೋಗ ಆಗುತ್ತಿದೆ.

ದೀಪಾವಳಿಗೆ ಬರಬೇಡ. ಬಸ್ಸಿನ ದಣಿವು ಸುಮ್ಮನೆ. ಪರೀಕ್ಷೆ ಮುಗಿಸಿಯೇ ಬಾ.

ಶ್ರೀಶೈಲಪ್ಪ


ಮುದ್ದೇಬಿಹಾಳ
೮ ಅಕ್ಟೋಬರ್ ೧೯೭೬

ಅಣ್ಣನವರಿಗೆ, ವೈನಿಯವರಿಗೆ ಶರಣು.

ಪತ್ರ ಓದಿ ಕಣ್ಣೀರು ನಿಲ್ಲಲಿಲ್ಲ. ಯಾವ ಊರು ಅಣ್ಣಾ ಅದು! ನಾನು ಕೂಸನ್ನು ಬಗಲಲ್ಲಿ ಎತ್ತಿಕೊಂಡು ನೀರಿಗೆ ಹೋದರೆ ಬಾವಿಕಟ್ಟೆಯ ಹೆಂಗಸರು ಕೊಡ ಪಕ್ಕಕ್ಕೆ ಸರಿಸುತ್ತಿದ್ದರು. “ಯಾರ ಪಾಪ ಯಾರ ಹೊಟ್ಟ್ಯಾಗೋ” ಎಂದು ನನಗೆ ಕೇಳುವ ಹಾಗೆಯೇ ಅನ್ನುತ್ತಿದ್ದರು. ಅದೇ ಊರು ಈಗ ನನ್ನ ಮಗಳಿಗೆ ಹಾಲು ತರುತ್ತಿದೆ. ನಾನು ಜನರನ್ನು ಸುಮ್ಮನೆ ಕೆಟ್ಟವರೆಂದುಕೊಂಡೆ. ಎಲ್ಲ ನಿಮ್ಮ ಪುಣ್ಯ. ನೀವು ಎದುರು ನಿಂತದ್ದಕ್ಕೇ ಜನ ಬದಲಾಗಿರಬೇಕು.

ದಿನಾಲು ನಿಲ್ಲುತ್ತಿದ್ದಾಳೆಂದರೆ ಈಗ ಕಾಲಿಗೆ ಬಲ ಬಂದಿರುತ್ತದೆ. ದೀಪಾವಳಿಗೆ ಬರುವುದಿಲ್ಲ. ಓದುತ್ತೇನೆ. ನೀವು ಹೇಳಿದ ಹಾಗೆ.

ಸಿದ್ದಲಿಂಗವ್ವ


ಮುದ್ದೇಬಿಹಾಳ
೨೧ ನವೆಂಬರ್ ೧೯೭೬

ಶ್ರೀಶೈಲಪ್ಪ,

ಅಣ್ಣನಿಗೆ ಪತ್ರದಲ್ಲಿ ನೀವು ಎಂದು ಬರೆಯಬೇಕೆಂದು ಕಲಿಸಿದವನು ನೀನೇ. ಇವತ್ತು ಕೈ ಬರುತ್ತಿಲ್ಲ.

ನಿನ್ನೆ ಇಮಾಮಬಿ ಊರಿಗೆ ಹೋಗಿ ಬಂದಳು. ಅವಳ ಮಗಳು ಪೀರಬಿಯನ್ನು ಸಿಂದಗಿಗೆ ಕೊಟ್ಟಿದೆ. ಬಹಳ ದಿನ ಮಕ್ಕಳಿರಲಿಲ್ಲ, ಈಗ ಬಸುರಿ. ಇಮಾಮಬಿ ಮಗಳ ಹರಕೆ ತೀರಿಸಲು ಹೋಗಿದ್ದಳಂತೆ. ಬಂದವಳೇ ನನ್ನ ಬಾಯಿಗೆ ಸಕ್ಕರೆ ಹಾಕಿ ಹೇಳತೊಡಗಿದಳು.

“ಅಕ್ಕೋರ, ಝಳಕ್ಯಾಗ ಒಂದು ಹುಡುಗಿ ಐತ್ರಿ, ಮೂಕವ್ವ ಅಂತಾರ. ಗದ್ದಿಗಿ ಮ್ಯಾಲ ಕುಂಡ್ರಿಸ್ಯಾರ. ಕೈ ಮ್ಯಾಲ ಹೋದ್ರ ಹೌದು, ಬಾಜೂಕ ಹೋದ್ರ ಅಲ್ಲ. ನನ್ನ ಮಗಳಿಗೆ ಎಷ್ಟ ಮ್ಯಾಲ ಹೋತಂತ ಅನ್ನೀರಿ! ರೊಟ್ಟಿ ಮುಟ್ಟಂಗಿಲ್ಲ, ಬರೇ ಹಾಲು ಬಾಳೆಹಣ್ಣು. ಕಾಲಂತೂ ನೆಲಕ್ಕ ಹಚ್ಚಗೊಡಂಗಿಲ್ಲ. ದೇವ್ರ ಕಾಲು ನೆಲಕ್ಕ ಹತ್ತಿದ್ರ ಊರಿಗೆ ಕೇಡಂತ. ಹೊತಗೊಂಡೇ ತಿರಗತಾರ.”

ಆ ಸಕ್ಕರೆ ನನ್ನ ಬಾಯಲ್ಲಿತ್ತು ಶ್ರೀಶೈಲಪ್ಪ. ನನ್ನ ಮಗಳ ಮುಂದೆ ಇಟ್ಟು ಎತ್ತಿದ ಸಕ್ಕರೆ. ನುಂಗಲಾಗಲಿಲ್ಲ, ಆಕೆಯ ಎದುರು ಉಗುಳಲೂ ಆಗಲಿಲ್ಲ. ಹಿತ್ತಲಿಗೆ ಹೋಗಿ ಉಗುಳಿ ಬಾಯಿ ತೊಳೆದೆ.

ಕಾಲು ನೆಲಕ್ಕೆ ಹಚ್ಚಗೊಡುವುದಿಲ್ಲ ಎಂದರೆ ಅವಳನ್ನು ನಿಲ್ಲಿಸುವುದು ಯಾವಾಗ ಬಿಟ್ಟಿರಿ? ಕಟಕಟೆ ದಿನಾಲು ಉಪಯೋಗ ಆಗುತ್ತಿದೆ ಎಂದು ಬರೆದೆಯಲ್ಲ, ಯಾವುದಕ್ಕೆ? ಇಷ್ಟಕ್ಕೆ ಉತ್ತರ ಬರೆ. ಬೇರೆ ಏನೂ ಬರೆಯಬೇಡ.

ಸಿದ್ದಲಿಂಗವ್ವ


ಝಳಕಿ
೩೦ ನವೆಂಬರ್ ೧೯೭೬

ತಂಗಿ ಸಿದ್ದವ್ವನಿಗೆ,

ಸಿಟ್ಟು ಬಂದಿದೆ, ಬರಲಿ. ನಾನು ಹಿರಿಯ, ನುಂಗುತ್ತೇನೆ.

ನಾನು ಯಾರಿಗೂ ಈಕೆ ದೇವರು ಎಂದು ಹೇಳಿಲ್ಲ. ಅಲ್ಲ ಎಂದೂ ಹೇಳಿಲ್ಲ. ಮಾಳಿಂಗಪ್ಪನ ಟಗರು ಆಯಿತು, ಆಮೇಲೆ ಯಾರದೋ ಎತ್ತು, ಯಾರದೋ ಲಗ್ನ. ಜನ ತಾವೇ ಬಂದರು. ಬಂದವರನ್ನು ಬಡಿಗೆ ತೆಗೆದುಕೊಂಡು ಓಡಿಸಲೇ?

ನೀನೇ ಬರೆದೆ, ಬಾವಿಕಟ್ಟೆಯ ಹೆಂಗಸರ ವಿಷಯ. ಆಗ ಈ ಹುಡುಗಿಯನ್ನು ಕಂಡರೆ ಬಸುರಿಯರು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. ಈಗ ಅದೇ ಬಸುರಿಯರು ಪಾದಕ್ಕೆ ಹಣೆ ಹಚ್ಚುತ್ತಾರೆ. ಎರಡರಲ್ಲಿ ಯಾವುದು ಬೇಕು ನಿನಗೆ? ಮೂರನೆಯದು ಇದ್ದರೆ ಹೇಳು. ನಾನಂತೂ ಈ ಭೂಮಿಯ ಮೇಲೆ ಕಂಡಿಲ್ಲ. ನಡೆದು ಅವಳು ಎಲ್ಲಿಗೆ ಹೋಗಬೇಕು? ಕೋಲು ಹಿಡಿದು ಕುಂಟುವವಳಿಗೆ ಊರಿನ ಹುಡುಗರು ಕಲ್ಲು ಹೊಡೆಯುತ್ತಾರೆ.

ಇನ್ನೊಂದು ಮಾತು. ನಿಮ್ಮ ಇಮಾಮಬಿ ಇಲ್ಲಿ ಬಂದಾಗ ಮುದ್ದೇಬಿಹಾಳದವಳು ಎಂದು ತಿಳಿದು ಕರೆದು ಚಹಾ ಕೊಟ್ಟೆ. ಮನೆಯಲ್ಲಿ ಯಾರ್‍ಯಾರು ಎಂದು ಕೇಳಿದೆ. “ಒಬ್ರು ಅಕ್ಕೋರ ಅದಾರ್‍ರಿ. ಪಾಪ, ಗಂಡ ಇಲ್ಲ, ಮಕ್ಕಳ ಸೈತ ಇಲ್ಲ” ಅಂದಳು. ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ. ನಾನು ನಿನ್ನ ಮಗಳನ್ನು ದೇವರು ಮಾಡಿದೆ ಅನ್ನುತ್ತೀಯ. ನೀನು ಅವಳನ್ನು ಇಲ್ಲವೇ ಇಲ್ಲ ಮಾಡಿದೆ. ಈಗ ಹೇಳು, ನಮ್ಮಿಬ್ಬರಲ್ಲಿ ಯಾರು ಉಗುಳಿಸಿಕೊಳ್ಳಬೇಕು?

ಶ್ರೀಶೈಲಪ್ಪ


ಮುದ್ದೇಬಿಹಾಳ
೧೪ ಡಿಸೆಂಬರ್ ೧೯೭೬

ಶ್ರೀಶೈಲಪ್ಪ,

ಇಮಾಮಬಿ ಹೇಳಿದ್ದು ನಿಜ. ಮೊದಲು ನೋಡಿದ ಮನೆಯವರು ಮಗುವಿನ ವಿಷಯ ಕೇಳಿ ಬಾಗಿಲು ಹಾಕಿದರು. ಎರಡನೆಯ ಮನೆಯಲ್ಲಿ ನಾನೇ ಮಕ್ಕಳಿಲ್ಲ ಅಂದುಬಿಟ್ಟೆ. ನಿನ್ನ ಪತ್ರ ಓದಿ ಝಳಕಿಗೆ ಬಸ್ಸು ಹತ್ತಿ ಬಂದೆ. ನೀನು ಆ ದಿನ ಸಂತೆಗೆಂದು ಇಂಡಿಗೆ ಹೋಗಿದ್ದೆ. ನೀನಿಲ್ಲದಾಗ ಏನು ನಡೆಯಿತೆಂದು ಶಂಕ್ರೆವ್ವ ವೈನಿ ಒಂದು ರೀತಿ ಹೇಳಿರುತ್ತಾಳೆ. ನನ್ನದನ್ನೂ ಓದು.

ಬಸ್ಸಿನಿಂದ ಇಳಿದ ಕೂಡಲೇ ಜನ ನನ್ನ ಕಾಲಿಗೆ ಬಿದ್ದರು. “ದೇವೀನ ಹಡದಾಕಿ ಬಂದ್ಲು, ದಾರಿ ಬಿಡ್ರೋ!” ಕೊಡ ಪಕ್ಕಕ್ಕೆ ಸರಿಸಿದವಳೇ ಮೊದಲು ಬಿದ್ದಳು. ನನಗೆ ಅವಳ ತಲೆಯನ್ನು ಒದೆಯಬೇಕೆನ್ನಿಸಿತು. ಒದೆಯಲಿಲ್ಲ, ಅದಕ್ಕೆ ಈಗಲೂ ವ್ಯಸನವಿದೆ.

ನಿನ್ನ ಹಿತ್ತಲಲ್ಲಿ ಖಂಡೆಪ್ಪ ಕಾಕಾನ ಕಟಕಟೆ ಕಂಡಿತು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು, ಪಾಳಿ ತಪ್ಪದಂತೆ ನಡುವೆ ನೆಟ್ಟಿದ್ದೀರಿ. ದಿನಾಲು ಉಪಯೋಗ ಆಗುತ್ತಿತ್ತು, ಹೌದು, ಸುಳ್ಳು ಬರೆದಿರಲಿಲ್ಲ ನೀನು. ನಿನ್ನ ಅಂಗಡಿಯ ಮುಂಬಾಗಿಲಲ್ಲಿ ಕೊಂಡ ತೆಂಗಿನಕಾಯಿ, ಖಣ ಅವಳ ಉಡಿಗೆ ಬೀಳುತ್ತಿದ್ದವು. ಉಡಿ ತುಂಬಿದಾಗಲೆಲ್ಲ ವೈನಿ ಅವನ್ನು ಹಿಂಬಾಗಿಲಿಂದ ಮತ್ತೆ ಅಂಗಡಿಗೆ ಸಾಗಿಸುತ್ತಿದ್ದಳು. ಒಂದೇ ಕಾಯಿ ಎಷ್ಟು ಸಲ ದೇವಿಯನ್ನು ಕಂಡಿದೆಯೋ, ಅದಕ್ಕೇ ಮೋಕ್ಷ ಸಿಕ್ಕಿರಬೇಕು.

ಗದ್ದಿಗೆಯ ಮೇಲೆ ನನ್ನ ಮಗಳು. ಹಸಿರು ಪತ್ತಲ ಸುತ್ತಿ, ಮೂಗು ಚುಚ್ಚಿ ನತ್ತು ಹಾಕಿದ್ದೀರಿ. ಚುಚ್ಚಿದಲ್ಲಿ ಕೀವು. ಹಣೆಯ ಚರ್ಮ ಕುಂಕುಮಕ್ಕೆ ಸುಲಿದಿತ್ತು. ಚೆಲ್ಲಿದ ಹಾಲು ಪತ್ತಲದಲ್ಲಿ ಹುಳಿತು ನೊಣ ಮುತ್ತುತ್ತಿದ್ದವು. ಊದುಬತ್ತಿಯ ಹೊಗೆ ದಾಟಿ ಬಂದ ವಾಸನೆ ಯಾವುದೆಂದು ಹತ್ತಿರ ಹೋದ ಮೇಲೆ ತಿಳಿಯಿತು. ಪಾಳಿ ಮುಗಿಯುವವರೆಗೆ ಉಚ್ಚೆಗೂ ಎಬ್ಬಿಸುತ್ತಿರಲಿಲ್ಲ ನೀವು. ಕುಂಡೆಯ ಮೇಲೆ ಅಂಗೈಯಷ್ಟು ಹುಣ್ಣು. ನನ್ನನ್ನು ಕಂಡು ಅವಳು ಕಿರುಚಿದಳು. ಅವಳು ನನ್ನನ್ನು ಕರೆಯುವುದೇ ಹಾಗೆ, ನಿನಗೆ ಗೊತ್ತು. ಜನ ಕೈ ಮುಗಿದು ನೆಲಕ್ಕೆ ಬಿದ್ದರು.

“ದೇವಿ ಮುನದಾಳ! ಕಾಯಿ ಇಡ್ರಿ, ಕಾಯಿ ಇಡ್ರಿ!” ಎಂದು ವೈನಿ ಕೂಗಿದಳು.

“ಮುನದಿಲ್ಲ ವೈನಿ, ಹುಣ್ಣು ಹತ್ತೇತಿ” ಅಂದೆ ನಾನು. “ಒಂದ ತಂಬಿಗಿ ನೀರು ಕೊಡ್ರಿ, ತೊಳೀತೇನಿ.”

“ಚಪ್ಪಲಿ ಹಾಕ್ಕೊಂಡು ಗದ್ದಿಗಿ ಹತ್ತೀಯಲ್ಲ ಸಿದ್ದವ್ವಾ! ಹೊರಗ ಬಿಟ್ಟು ಬಾ.”

ಆಕೆಗೆ ಕಂಡದ್ದು ನನ್ನ ಚಪ್ಪಲಿ.

ಎತ್ತಿಕೊಂಡು ಹೊರಟೆ. ಕಟಕಟೆಯ ಮುಂಚೂಣಿಯಲ್ಲಿ ನಿಂತ ಮಾಳಿಂಗಪ್ಪ ಅಡ್ಡ ಬಂದ. “ಎಲ್ಲಿಗೆ ಒಯ್ಯಾಕತ್ತಿ ತಂಗಿ? ನಂದ ಪಾಳಿ ಬಂದಿತ್ತು.”

“ಮತ್ತ ಟಗರು ಕಳದೇತೇನು?”

“ಇಲ್ಲ ಯವ್ವಾ, ಈ ಸಲ ಹೇಂತಿ ತವರಿಗೆ ಹೋಗ್ಯಾಳ. ಬರತಾಳೋ ಇಲ್ಲೋ ಕೇಳಬೇಕಿತ್ತು.”

“ನೀ ಹೋಗಿ ಕರೀ. ಬರತಾಳ” ಅಂದೆ.

ಬಸ್ಸಿನಲ್ಲಿ ಅವಳ ಮೊಣಕಾಲು ನೆಟ್ಟಗೆ ಮಾಡಲು ನೋಡಿದೆ. ಆಗಲಿಲ್ಲ. ಮಡಿಚಿದಲ್ಲೇ ನಿಂತಿದೆ, ಬೀಗ ಹಾಕಿದ ಹಾಗೆ. ವಿಜಾಪುರ ಬರುವವರೆಗೆ ಅದನ್ನೇ ಹಿಡಿದು ಕುಳಿತಿದ್ದೆ.

ಇಲ್ಲಿ ಬಂದಾಗ ಇಮಾಮಬಿ ಬಾಗಿಲು ತೆಗೆದಳು. ನೋಡಿದ ಕೂಡಲೇ ಗುರುತು ಹಿಡಿದು ಕಾಲಿಗೆ ಬಾಗಿದಳು. “ಮೂಕವ್ವ ಅಲ್ಲ. ರೇವವ್ವ. ನನ್ನ ಮಗಳು” ಅಂದೆ. ಬಾಗಿದವಳು ಹಾಗೆಯೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಕುಳಿತಲ್ಲಿಂದಲೇ ಕೇಳಿದಳು.

“ಹಂಗಾದ್ರ ನಮ್ಮ ಪೀರಬಿ ಹೊಟ್ಟಿ ನಿಂತದ್ದು ಯಾರಿಂದ್ರಿ?”

“ನಿಮ್ಮ ಅಳಿಯನಿಂದ.”

“ಆ ಭಾಡ್ಯಾನಿಂದೇನು!” ಅಂದಳು. ನಗಲಿಲ್ಲ. “ಮಕ್ಕಳಿಲ್ಲ ಅಂತ ಸುಳ್ಳ ಹೇಳಿದ್ರಿ ಅಕ್ಕೋರ. ನಾ ಏನ ಹೊರಗ ಹಾಕತಿದ್ನೇನು?” ಅಂದಳು. ಆಮೇಲೆ ಮೂಗಿಗೆ ವಾಸನೆ ಹತ್ತಿರಬೇಕು, ಎದ್ದು ಹೋಗಿ ನೀರು ಕಾಯಲು ಇಟ್ಟಳು. ಅಂದಿನಿಂದ ನನ್ನೊಡನೆ ಸರಿಯಾಗಿ ಮಾತಿಲ್ಲ. ನೀರು ಮಾತ್ರ ದಿನಾಲು ಕಾಯಿಸಿ ಬಾಗಿಲಲ್ಲಿ ಇಡುತ್ತಾಳೆ.

ಮೂರನೆಯದು ಎಲ್ಲಿದೆ ಎಂದು ಕೇಳಿದೆಯಲ್ಲ. ನನಗೂ ಗೊತ್ತಿಲ್ಲ. ನಿನ್ನ ಹಿತ್ತಲಲ್ಲಿ ಅಂತೂ ಇಲ್ಲ.

ಸಿದ್ದಲಿಂಗವ್ವ


ಝಳಕಿ
೨೦ ಫೆಬ್ರುವರಿ ೧೯೭೭

ತಂಗಿ ಸಿದ್ದವ್ವನಿಗೆ ಆಶೀರ್ವಾದ.

ಆದದ್ದು ಆಯಿತು. ರಕ್ತ ಹಂಚಿಕೊಂಡವರು ಎಷ್ಟು ದಿನ ಮುನಿಸಿಕೊಂಡಿರುವುದು?

ನೀನು ಹುಡುಗಿಯನ್ನು ಒಯ್ದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಶಂಕ್ರೆವ್ವ ಹಸಿರು ಪತ್ತಲವನ್ನು ಮಡಿಚಿ ಗದ್ದಿಗೆಯ ಮೇಲೆ ಇಟ್ಟು ಹೂ ಏರಿಸಿದಳು. ಬಲಕ್ಕೆ ಹೂ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಮೊದಲಿಗಿಂತ ಹೆಚ್ಚು ಜನ ಬರುತ್ತಾರೆ. ಹೊಲಸು ಇಲ್ಲ, ಚೀರಾಟ ಇಲ್ಲ. ಎಲ್ಲರಿಗೂ ಸುಖ. ಹೀಗೆ ಮೊದಲೇ ಹೊಳೆದಿದ್ದರೆ ನಿನ್ನ ಮಗಳಿಗೂ ತ್ರಾಸು ಇರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಮುಂದಿನ ತಿಂಗಳು ತೀರಿಹೋದ ನಮ್ಮ ಅವ್ವನ ವರ್ಷದ ಪೂಜೆ. ನೀನು ಬರಲೇಬೇಕು. ಆದರೆ ಹುಡುಗಿಯನ್ನು ಇಮಾಮಬಿಯ ಹತ್ತಿರ ಬಿಟ್ಟು ಬಾ. ಮೂಕವ್ವ ಎಲ್ಲಿ ಎಂದು ಜನ ಕೇಳಿದರು. ಏನಾದರೂ ಹೇಳಬೇಕಲ್ಲ, ಬಯಲಲ್ಲಿ ಬಯಲಾದಳು ಅಂದೆವು. ಸತ್ತಳು ಎಂದು ನಾನು ಬಾಯಿಬಿಟ್ಟು ಹೇಳಿಲ್ಲ. ಜನ ಹಾಗೆ ತಿಳಿದುಕೊಂಡರು, ಅವಳ ಹೆಸರಿನಲ್ಲಿ ದಾಸೋಹವೂ ಆಯಿತು. ಈಗ ಆಕೆ ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ನಮ್ಮ ಮಾನ ಏನಾಗಬೇಕು? ತರಲೇಬೇಕು ಅನ್ನುವುದಾದರೆ ಹೊತ್ತು ಮುಳುಗಿದ ಮೇಲಿನ ಬಸ್ಸಿಗೆ ಬಾ, ಮುಖದ ಮೇಲೆ ಸೆರಗು ಹೊದಿಸು. ನಾನು ಚಕ್ಕಡಿ ತಂದಿರುತ್ತೇನೆ.

ಶ್ರೀಶೈಲಪ್ಪ


ಮುದ್ದೇಬಿಹಾಳ
೧ ಮಾರ್ಚ್ ೧೯೭೭

ಶ್ರೀಶೈಲಪ್ಪ,

ನಿನ್ನ ಪತ್ರವನ್ನು ರೇವಿಗೆ ಪೂರ್ತಿ ಓದಿ ಹೇಳಿದೆ. ತಾನು ಸತ್ತದ್ದು ತನಗೂ ತಿಳಿದಿರಲಿ ಎಂದು. ದಾಸೋಹದ ಸಾಲು ಬಂದಾಗ ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಬದುಕಿದ ಹುಡುಗಿಯ ಹೆಸರಿನಲ್ಲಿ ಊರಿಗೆ ಹುಗ್ಗಿ ಬಡಿಸಿ ನೀನೂ ಉಂಡೆಯೋ ಇಲ್ಲವೋ ಎಂದು ಕೇಳುವುದಿಲ್ಲ. ಉಂಡಿರುತ್ತೀಯ.

ವಿಜಾಪುರದ ದವಾಖಾನೆಯಲ್ಲಿ ತೋರಿಸಿದೆ. ಎಡಗಾಲು ಕೆಲಸದಿಂದ ಹೋಯಿತು ಅಂದರು. ಬಲಗಾಲಿನಲ್ಲಿ ಇನ್ನೂ ಜೀವವಿದೆ. ಪಟ್ಟಿ ಹಾಕಿ, ತೆಗೆದು, ಮತ್ತೆ ಹಾಕಿ ಸ್ವಲ್ಪ ಸಡಿಲ ಮಾಡಿದ್ದಾರೆ. ಹುಣ್ಣು ಮಾಯಿದೆ. ಇಮಾಮಬಿ ಮಾತು ಶುರುಮಾಡಿದ್ದಾಳೆ, ಈಗ ನಿಲ್ಲಿಸುವುದೇ ಕಷ್ಟ.

ರೊಟ್ಟಿಯನ್ನು ಮೊದಮೊದಲು ಮುಟ್ಟಲೇ ಇಲ್ಲ ಅವಳು. ಯಾರಾದರೂ ಬಾಗಿ ಬಾಯಿಗೆ ಹಾಲು ಇಡಲಿ ಎಂದು ಕಾಯುತ್ತಿದ್ದಳು. ಮೊನ್ನೆ ನನಗೆ ಸಿಟ್ಟು ಬಂದು ಬೈದೆ. “ಏ ಕತ್ತೆ, ನಿನಗೇನ ಕೈ ಇಲ್ಲೇನು?” ಅವಳು ನನ್ನನ್ನು ಎವೆಯಿಕ್ಕದೆ ನೋಡಿದಳು. ಅಷ್ಟು ತಿಂಗಳು ನಿಮ್ಮ ಮನೆಯಲ್ಲಿ ಒಬ್ಬರೂ ಅವಳಿಗೆ ಬೈದಿರಲಿಲ್ಲ ನೋಡು. ಆಮೇಲೆ ರೊಟ್ಟಿ ಹಿಡಿದಳು. ಅರ್ಧ ಚೆಲ್ಲಿದಳು.

ಅವ್ವನ ಪೂಜೆಗೆ ನಾವಿಬ್ಬರೂ ಬರುತ್ತೇವೆ. ಇಮಾಮಬಿಯೂ ಬರುತ್ತಾಳಂತೆ, ಹರಕೆಯ ಕಾಯಿ ವಾಪಸು ಕೇಳಲು. ಮಧ್ಯಾಹ್ನದ ಬಸ್ಸಿಗೆ ಬರುತ್ತೇವೆ, ಅಂಗಡಿಯ ಮುಂದೆ ಜನ ತುಂಬಿರುವಾಗ. ಚಕ್ಕಡಿ ತರಬೇಡ, ಸೆರಗು ಹೊದಿಸುವುದಿಲ್ಲ. ಬಸ್ಸಿನ ಮೆಟ್ಟಿಲಿಂದ ಅವಳನ್ನು ನೇರ ಮಣ್ಣಿನ ಮೇಲೆ ಇಳಿಸುತ್ತೇನೆ.

ಅವಳು ಬೀಳುತ್ತಾಳೆ. ಇಲ್ಲಿ ದಿನಾಲು ಬೀಳುತ್ತಾಳೆ. ಯಾರೂ ಎತ್ತಲು ಬರಬೇಡಿ, ಯಾರೂ ಕಾಲು ಮುಟ್ಟಬೇಡಿ. ಅವಳು ನನ್ನ ಸೀರೆ ಹಿಡಿದು ಏಳುವತನಕ ನಾನು ಪಕ್ಕದಲ್ಲಿ ನಿಂತಿರುತ್ತೇನೆ. ತಡವಾಗುತ್ತದೆ. ನೀವೆಲ್ಲ ನಿಂತು ನೋಡಿ.

ಸಿದ್ದಲಿಂಗವ್ವ